ನೂಲಿನ ಕೋಣೆಗೆ ಸೇರಿದವರು

ಕುಣಿಗಲ್
5–7–1981

ಅಪ್ಪನಿಗೆ ಮಂಜುಳ ಮಾಡುವ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನಿಮ್ಮ ಆರೋಗ್ಯದ ವಿಷಯವನ್ನು ಅಮ್ಮನನ್ನು ಕೇಳಿಕೊಂಡು ಬರೆಯಿರಿ. ನಿಮ್ಮನ್ನೇ ಕೇಳಿದರೆ ಗುಂಡುಕಲ್ಲಿನ ಹಾಗಿದ್ದೇನೆ ಅನ್ನುತ್ತೀರಿ, ಅದನ್ನು ಓದಿ ಓದಿ ನನಗೆ ಸಾಕಾಗಿದೆ.

ಈ ಸಲ ಒಂದು ಸಂತೋಷದ ಸುದ್ದಿ ಇದೆ. ನಮ್ಮ ಸ್ಕೂಲಿನ ಹಿಂಭಾಗದಲ್ಲಿ ನೂಲಿನ ಕೋಣೆ ಅಂತ ಒಂದಿದೆ. ಹಿಂದೆ ಮಕ್ಕಳಿಗೆ ತಕಲಿ, ಚರಕ ಕಲಿಸುತ್ತಿದ್ದಾಗ ಕಟ್ಟಿಸಿದ್ದು. ಆ ಪಾಠ ನಿಂತು ಯಾವ ಕಾಲವಾಯಿತೋ, ಬೀಗ ಮಾತ್ರ ಹಾಗೇ ನೇತಾಡುತ್ತಿತ್ತು. ಜೂನ್ ತಿಂಗಳೆಲ್ಲ ನಮ್ಮ ಹೆಡ್‌ಮೇಷ್ಟ್ರು ಬೆಟ್ಟಸ್ವಾಮಿಗಳ ಹಿಂದೆ ಬಿದ್ದು ಬೀಗದ ಕೈ ಈಸಿಕೊಂಡೆ. "ತಗಳಮ್ಮ ತಾಯಿ, ಅಲ್ಲಿರೋ ಇಲಿಗಳಿಗಾದ್ರೂ ಪಾಠ ಹೇಳು" ಅಂದು ಕೊಟ್ಟರು.

ಎರಡು ಕಡೆಯೂ ದೊಡ್ಡ ಕಿಟಕಿಗಳು. ಸುಣ್ಣ ಹೊಡೆಸಿದ್ದೇನೆ. ಒಳಗೆ ಬೆಂಚಿಲ್ಲ, ಬೋರ್ಡಿಲ್ಲ, ಕೋಲಿಲ್ಲ. ಮಕ್ಕಳು ಕೆರೆಯಿಂದ ಜೇಡಿಮಣ್ಣು ತಂದು ಗೊಂಬೆ ಮಾಡುತ್ತಾರೆ, ಇದ್ದಿಲಿನಲ್ಲಿ ಗೋಡೆ ತುಂಬ ಬರೆಯುತ್ತಾರೆ, ಪದ ಹೇಳುತ್ತಾರೆ. ಮೊದಲೆಲ್ಲ ಚಿತ್ರ, ಹಾಡು ಅಂದರೆ ಗಣಿತದ ಮೇಷ್ಟ್ರು ರಜ ಹಾಕಿದ ದಿನ ಮಕ್ಕಳನ್ನು ಸುಮ್ಮನಿರಿಸುವ ಉಪಾಯವಾಗಿತ್ತು. ಈಗ ಅದಕ್ಕೂ ಒಂದು ಮನೆ ಆಯಿತಲ್ಲ, ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ಗತ್ತನ್ನು ನೀವು ನೋಡಬೇಕು.

ಇನ್ನು ಹಜರಾಳ ವಿಷಯ. ಏಳನೇ ಕ್ಲಾಸಿನ ಹುಡುಗಿ. ಕುದುರೆ ಫಾರಂನಲ್ಲಿ ಲಾಳ ಕಟ್ಟುವ ನಯಾಜ್ ಅಹಮದ್ ಅವರ ಮಗಳು. ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಬರುತ್ತದೆ, ಸ್ವಲ್ಪ ದಪ್ಪಗೆ ಬರುತ್ತದೆ, ಅಷ್ಟೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಗೊಂಬೆಯ ಹಾಗೆ ಕೂತಿರುವವಳು ನೂಲಿನ ಕೋಣೆಗೆ ಬಂದರೆ ಎಲ್ಲರಿಗಿಂತ ಮುಂದೆ. ಆದರೆ ಹೆಡ್‌ಮೇಷ್ಟ್ರಿಗೆ ಅವಳನ್ನು ಪಬ್ಲಿಕ್ ಪರೀಕ್ಷೆಗೆ ಕೂರಿಸಲು ಮನಸ್ಸಿಲ್ಲ. ಫೇಲಾದರೆ ಸ್ಕೂಲಿನ ರಿಸಲ್ಟ್ ಹಾಳಾಗುತ್ತದೆ, ಅವಳನ್ನು ಮನೆಗೆ ಕಳಿಸಿಬಿಡೋಣ ಅನ್ನುತ್ತಿದ್ದಾರೆ. ಇದು ಅಂಗವಿಕಲರ ವರ್ಷವಂತೆ, ಹೊರಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಬಣ್ಣ ಚೆನ್ನಾಗಿದೆ.

ಸ್ಕೂಲ್ ಡೇಗೆ ಮಕ್ಕಳಿಂದ ನಾಟಕ ಆಡಿಸಬೇಕು ಅಂತಿದ್ದೇನೆ. ಹಜರಾ ಅದರಲ್ಲಿ ಪಾತ್ರ ಮಾಡಬೇಕು, ಅವಳಿಂದ ಏನಾಗುತ್ತದೆ ಅಂತ ಇವರೆಲ್ಲ ಕಣ್ಣಾರೆ ನೋಡಬೇಕು. ಅರ್ಧ ಆಯಸ್ಸು ನಾಟಕ ಕಂಪನಿಯಲ್ಲಿ ಕಳೆದವರು ನೀವು. ದಸರಾ ರಜಕ್ಕೆ ಬಂದು ಮಕ್ಕಳಿಗೆ ತಾಲೀಮು ಹೇಳಿಕೊಡಿ.

ನಿಮ್ಮ ಮಗಳು,
ಮಂಜುಳ

ಗುಬ್ಬಿ
14–7–1981

ಚಿ. ಮಂಜಿಗೆ ನಿಮ್ಮಪ್ಪ ಪುಟ್ಟರಂಗಯ್ಯನ ಆಶೀರ್ವಾದಗಳು.

ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮಮ್ಮನನ್ನೂ ಕೇಳಿದೆ. "ಗುಂಡ್‌ಕಲ್ಲೇ ಸೈ, ಕರುದ್ರೆ ತಿರುಗಿ ನೋಡಾಕಿಲ್ಲ" ಅಂತ ಬರೆಯಲು ಹೇಳಿದಳು. ಬರೆದಿದ್ದೇನೆ.

ನಿನಗೊಂದು ಕೋಣೆ ಸಿಕ್ಕಿದ್ದು ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತೇನೇ? ಕಂಪನಿ ಹೊಸ ಊರಿಗೆ ಹೋದಾಗ ನಮ್ಮ ಯಜಮಾನರು ಮೊದಲು ಹುಡುಕುತ್ತಿದ್ದದ್ದು ಊಟದ ಮನೆಯನ್ನಲ್ಲ, ತಾಲೀಮಿನ ಮನೆಯನ್ನು. ಅಲ್ಲಿ ಅಕ್ಕಿ ಮೂಟೆ ಇಡುವ ಹಾಗಿಲ್ಲ, ಬಟ್ಟೆ ಒಣಗಿಸುವ ಹಾಗಿಲ್ಲ, ಇಸ್ಪೀಟು ಆಡುವ ಹಾಗಿಲ್ಲ. ಹೊರಗೆ ಜಗಳವಾಡಿದವರೂ ಒಳಗೆ ಬಂದರೆ ರಾಮ ಲಕ್ಷ್ಮಣರಾಗಬೇಕು. ಒಂದು ಊರಿನಲ್ಲಿ ಅಂಥ ಮನೆ ಸಿಗಲಿಲ್ಲ, ಛತ್ರದ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆವು. ಆ ಕ್ಯಾಂಪು ಪೂರ್ತಿ ನಾಟಕಕ್ಕೆ ಒಗ್ಗರಣೆ ವಾಸನೆ ಹೊಡೆಯಿತು. ಬೀಗದ ಕೈಯನ್ನು ಯಾರಿಗೂ ಕೊಡಬೇಡ.

ಆ ಹುಡುಗಿಯ ವಿಷಯ. ಪಾಪ, ಕೇಳಿ ಮನಸ್ಸಿಗೆ ಕಷ್ಟವಾಯಿತು. ಆದರೆ ನಾಟಕ ಅನ್ನುವುದು ಕಿವಿಯ ಕಸುಬು ಮಗಳೇ. ಎದುರಿನವನ ಮಾತಿನ ಕೊನೆ ಕೇಳಿಸಿದರೆ ತಾನೇ ನಮ್ಮ ಮಾತು ಹುಟ್ಟುವುದು? ಕಿವಿ ಕೇಳದವರಿಗೆ ರಂಗದ ಮೇಲೆ ಏನು ಕೆಲಸ? ಸುಮ್ಮನೆ ನಾಲ್ಕು ಜನರ ಮುಂದೆ ನಗೆಪಾಟಲಾಗುವುದು. ಅವಳಿಗೊಂದು ಮರದ ಪಾತ್ರ ಕೊಡು. ಕೈಗೆ ಮಾವಿನ ಸೊಪ್ಪು ಕಟ್ಟಿ ನಿಲ್ಲಿಸಿದರೆ ಚೆಂದ ಕಾಣುತ್ತಾಳೆ.

ಇತಿ ನಿಮ್ಮಪ್ಪ

ಕುಣಿಗಲ್
19–7–1981

ಅಪ್ಪನಿಗೆ ನಮಸ್ಕಾರ.

ಮರ ಆಗುವುದಕ್ಕೆ ಅವಳು ಸ್ಕೂಲಿಗೆ ಬರಬೇಕೇ? ಹಿಂದಿನ ಬೆಂಚಿನಲ್ಲಿ ನಾಲ್ಕು ವರ್ಷದಿಂದ ಅದೇ ಪಾತ್ರ ಮಾಡುತ್ತಿದ್ದಾಳಲ್ಲ. ನಿಮ್ಮ ಕಾಗದ ಓದಿ ನನಗೆ ಎಷ್ಟು ಕೋಪ ಬಂತೆಂದರೆ ಹರಿದು ಹಾಕೋಣ ಅನ್ನಿಸಿತು. ಒಗ್ಗರಣೆಯ ವಿಷಯ ಇದ್ದದ್ದರಿಂದ ಉಳಿಸಿಕೊಂಡೆ.

ನಾಟಕದ ಕಥೆಯನ್ನು ಮಕ್ಕಳೇ ಕಟ್ಟಿದ್ದಾರೆ. ಒಂದು ಕುದುರೆ ಕೆರೆಗೆ ನೀರು ಕುಡಿಯಲು ಬರುತ್ತದೆ. ಕುದುರೆ ನಮ್ಮದು ಅಂತ ಎರಡು ಊರಿನವರು ಕಿತ್ತಾಡುತ್ತಾರೆ. ಪಟೇಲ ನ್ಯಾಯ ಹೇಳುತ್ತಾನೆ. ಹಜರಾ ಪಟೇಲ. ಎಲ್ಲರಿಗಿಂತ ಹೆಚ್ಚು ಮಾತಿರುವುದು ಆ ಪಾತ್ರಕ್ಕೇ.

ಇನ್ನೊಂದು ವಿಷಯವನ್ನು ಬರೆಯಬಾರದು ಅಂತಿದ್ದೆ, ಆದರೆ ನೀವೇ ಬಾಯಿ ಬಿಡಿಸುತ್ತಿದ್ದೀರಿ. ನಿಮಗೆ ಕಿವಿ ಮಂದವಾಗಿದೆ ಅಪ್ಪ. ಹೋದ ಸಲ ಬಂದಾಗ ನಾನು ಹಿಂದಿನಿಂದ ಎಷ್ಟು ಕೂಗಿದರೂ ನೀವು ನಡೆದುಕೊಂಡು ಹೋಗೇ ಹೋದಿರಿ. ಹಾರ್ಮೋನಿಯಂ ಮೇಲೆ ಬಟ್ಟೆ ಮುಚ್ಚಿದ್ದೀರಿ. ಶನಿವಾರದ ಭಜನೆ ಬಿಟ್ಟಿದ್ದೀರಿ. ಕಿವಿ ಕೇಳದವರಿಗೆ ಏನು ಕೆಲಸ ಅಂತ ಬರೆದಿರಲ್ಲ, ಅದನ್ನು ಯಾರ ಮೇಲಿನ ಸಿಟ್ಟಿಗೆ ಬರೆದಿರಿ? ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸೋಣ, ನಾನೇ ರಜ ಹಾಕಿ ಬರುತ್ತೇನೆ.

ನಿಮ್ಮ ಮಗಳು,
ಮಂಜುಳ

ಗುಬ್ಬಿ
27–7–1981

ಚಿ. ಮಂಜಿಗೆ ಆಶೀರ್ವಾದಗಳು.

ನನ್ನ ಕಿವಿಗೆ ಏನೂ ಆಗಿಲ್ಲ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದನ್ನು ಮರೆತಿದ್ದಾರೆ, ಎಲ್ಲರೂ ಗೊಣಗುತ್ತಾರೆ. ನಿಮ್ಮಮ್ಮ ಎಲ್ಲರಿಗಿಂತ ಹೆಚ್ಚು ಗೊಣಗುತ್ತಾಳೆ. ಹಾರ್ಮೋನಿಯಂಗೆ ಧೂಳು ಕೂರಬಾರದೆಂದು ಬಟ್ಟೆ ಮುಚ್ಚಿದ್ದೇನೆ. ಆಸ್ಪತ್ರೆ ಗೀಸ್ಪತ್ರೆ ಅಂದರೆ ದಸರಾಕ್ಕೆ ಬರುವುದಿಲ್ಲ.

ಅಂದರೆ, ಬರುತ್ತೇನೆ ಅಂತ ಅರ್ಥ.

ಇತಿ ನಿಮ್ಮಪ್ಪ

ಕುಣಿಗಲ್
20–10–1981

ಅಪ್ಪನಿಗೆ ನಮಸ್ಕಾರ.

ದಸರಾಕ್ಕೆ ಬಂದವರು ನೀವು ಹಾಗೆ ಮುಖ ಊದಿಸಿಕೊಂಡು ಬಸ್ ಹತ್ತಿದ ಮೇಲೆ ಕಾಗದವೇ ಇಲ್ಲ. ಅಮ್ಮ ಕೊಟ್ಟು ಕಳಿಸಿದ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನೂ ಇಲ್ಲೇ ಮರೆತಿದ್ದೀರಿ. ಖಾಲಿಯಾಗಿದೆ, ಚಿಂತೆ ಮಾಡಬೇಡಿ.

ನಿಮ್ಮ ಮೇಲೆ ನನಗೆ ಬೇಜಾರಿಲ್ಲ, ಆದರೆ ಏನಾಯಿತು ಅಂತ ಅರ್ಥವಾಗುತ್ತಿಲ್ಲ. ಮೊದಲೆರಡು ದಿನ ಮಕ್ಕಳು ನಿಮ್ಮನ್ನು ಬಿಟ್ಟು ಅಲುಗಲಿಲ್ಲ. ನೀವು ಅವರನ್ನು ಕಂಪನಿಯ ಪದ್ಧತಿಯಂತೆ ಸಾಲಾಗಿ ನಿಲ್ಲಿಸಿದಿರಿ. "ಜನುಕ್ಕೆ ಮುಖ ಕೊಡ್ರುಲಾ! ಪಕ್ಕದೋನ ಮುಖದಾಗೆ ಏನೈತೆ? ಕಟ್ಟಕಡೇ ಚಾಪೆ ಮೇಲಿರೋ ಅಜ್ಜಿಗೆ ಕೇಳ್ಬೇಕು!" ಅಂತ ನೀವು ಕೂಗುತ್ತಿದ್ದರೆ ನನಗೆ ಚಿಕ್ಕಂದಿನಲ್ಲಿ ಪರದೆಯ ಹಿಂದೆ ಕೂತು ನೋಡಿದ್ದೆಲ್ಲ ನೆನಪಾಯಿತು. ಮಕ್ಕಳ ದನಿ ಏರಿತು, ಎದೆ ಸೆಟೆಯಿತು. ಹಜರಾ ಒಬ್ಬಳೇ ಕೆಟ್ಟಳು. ಆಗಸ್ಟಿನಲ್ಲಿ ನೀರು ಕುಡಿದಂತೆ ಹೇಳುತ್ತಿದ್ದ ಮಾತುಗಳನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಹೇಳಿದಳು. ಉಳಿದವರು ನಕ್ಕರು. ನೀವು ರೇಗಿದಿರಿ. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದಳು.

ರಜ ಮುಗಿದ ಮೇಲೂ ಅವಳು ಸ್ಕೂಲಿಗೆ ಬಂದಿಲ್ಲ. ನಯಾಜ್ ಅಹಮದ್ ಅವರೇ ಬಂದು, "ಬಿಡಿ ಮೇಡಂ. ನೀವು ಪಾಪ ತುಂಬಾ ಮಾಡಿದ್ರಿ. ಮನೇಲಿ ಅವಳ ಅಮ್ಮನ ಜೊತೆ ಬೀಡಿ ಕಟ್ಟೋದು ಕಲೀಲಿ. ಅಲ್ಲಿ ನಗೋರಿಲ್ಲ" ಅಂದರು. ಕೈ ಮುಗಿದರು ಕೂಡ. ನನಗೆ ಅಳು ಬಂದುಬಿಟ್ಟಿತು, ಅವರ ಎದುರಿಗೇ ಅತ್ತೆ.

ಇದರ ಮೇಲೆ ಸ್ಕೂಲ್ ಕಮಿಟಿಯ ಅಧ್ಯಕ್ಷ ಓಬಳಯ್ಯನವರು ನೂಲಿನ ಕೋಣೆಯ ಬೀಗದ ಕೈ ಕೇಳುತ್ತಿದ್ದಾರೆ. ಮಧ್ಯಾಹ್ನದ ಉಪ್ಪಿಟ್ಟಿನ ರವೆ ಮೂಟೆಗಳು ಜಗಲಿಯಲ್ಲಿ ಮಳೆಗೆ ನೆನೆಯುತ್ತಿವೆ. "ಮಕ್ಳು ಹೊಟ್ಟೆ ದೊಡ್ಡದೋ ಗೊಂಬೆ ದೊಡ್ಡದೋ ನೀವೇ ಹೇಳಿ ಟೀಚರಮ್ಮ" ಅನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಸ್ಕೂಲ್ ಡೇ ಮುಗಿಯುವವರೆಗೆ ಅಂತ ಗೋಗರೆದು ವಾಯಿದೆ ತೆಗೆದುಕೊಂಡಿದ್ದೇನೆ.

ನಿಮ್ಮ ಮಗಳು,
ಮಂಜುಳ

ಗುಬ್ಬಿ
16–11–1981

ಮಂಜಿ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲೇ. ಈಗ ಇಳಿದಿದೆ.

ಮೊನ್ನೆ ನಮ್ಮ ಭಜನೆಯ ಆಂಜನಪ್ಪನ ಮಗಳ ವೀಳ್ಯಶಾಸ್ತ್ರಕ್ಕೆ ಹೋಗಿದ್ದೆ. ಊಟವಾದ ಮೇಲೆ ಗಂಡಸರೆಲ್ಲ ಜಗಲಿಯ ಮೇಲೆ ಸಾಲಾಗಿ ಬೀದಿಗೆ ಮುಖ ಮಾಡಿ ಕೂತು ಎಲೆಯಡಿಕೆ ಹಾಕುತ್ತಿದ್ದೆವು. ಆ ತುದಿಯಲ್ಲಿ ಯಾರೋ ಏನೋ ಅಂದರು. ಮಾತು ಸಾಲಿನಲ್ಲಿ ಹಾಗೇ ಸಾಗಿ ಬಂತು, ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಎಲ್ಲರೂ ಮುಗಿಸಿದ ಮೇಲೆ ನಕ್ಕೆ. ಆಮೇಲೆ ಗೊತ್ತಾಯಿತು, ಅವರು ನಕ್ಕದ್ದು ನನ್ನ ಮೇಲಿನ ಒಂದು ಚೇಷ್ಟೆಗೇ. ಎಡಕ್ಕೆ ತಿರುಗಿದರೆ ಪಕ್ಕದವನ ಕಿವಿ, ಬಲಕ್ಕೆ ತಿರುಗಿದರೆ ಇನ್ನೊಬ್ಬನ ಕಿವಿ, ಒಂದು ಬಾಯಿಯೂ ಕಾಣಲಿಲ್ಲ. ಆಂಜನಪ್ಪನ ತಮ್ಮ ಅಡವಿಯಪ್ಪ ಮೆಟ್ಟಿಲಿಳಿದು ಬಂದು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು "ಯಾಕಣ್ಣ, ಮಂಕಾಗಿ ಕುಂತಿದ್ದೀಯ?" ಅಂದ. ಆ ಮಾತೊಂದು ಪೂರ್ತಿ ತಿಳಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಗುವೇ ಕಣ್ಣ ಮುಂದೆ. ಸಾಲಿನ ತುದಿಯಲ್ಲಿ ಅವಳನ್ನು ನಿಲ್ಲಿಸಿ, ಯಾರೂ ಪಕ್ಕದವರ ಮುಖ ನೋಡಕೂಡದು ಅಂತ ಕಟ್ಟಪ್ಪಣೆ ಮಾಡಿದವನು ನಾನು. ಅವಳು ಯಾರ ತುಟಿ ನೋಡಬೇಕಿತ್ತು? ಕಂಪನಿಯಲ್ಲಿ ಕಲಿತದ್ದನ್ನು ಕಣ್ಣು ಮುಚ್ಚಿಕೊಂಡು ಹೇಳಿಕೊಟ್ಟೆ, ಬುದ್ಧಿ ಓಡಲಿಲ್ಲ.

ನೀನು ಬರೆದದ್ದು ನಿಜ. ನನಗೆ ಕಿವಿ ಕೇಳಿಸುತ್ತಿಲ್ಲ. ಭಜನೆಯಲ್ಲಿ ಒಂದು ಸಲ ಎಲ್ಲರೂ ನಿಲ್ಲಿಸಿದ ಮೇಲೂ ನಾನೊಬ್ಬನೇ ಹಾಡುತ್ತಿದ್ದೆ. ಅವತ್ತಿನಿಂದ ಹೋಗಿಲ್ಲ. ನಿಮ್ಮಮ್ಮನಿಗೆ ಹೇಳಿದೆ. ಅವಳು ನನ್ನ ಎದುರಿಗೆ ಬಂದು ನಿಂತು, "ಊರಿಗೆಲ್ಲ ಗೊತ್ತೈತೆ, ನಿಮ್ಗೊಬ್ರಿಗೆ ಗೊತ್ತಿರ್ಲಿಲ್ಲ" ಅಂದಳು.

ನಾನು ಹೇಳುವ ಹಾಗೆ ಮಾಡು. ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡ, ಸುತ್ತ ನಿಲ್ಲಿಸು. ಒಬ್ಬರ ಮುಖ ಒಬ್ಬರಿಗೆ ಕಾಣಲಿ, ಕಿಟಕಿಯ ಬೆಳಕು ಮಾತಾಡುವವರ ಮುಖದ ಮೇಲೆ ಬೀಳಲಿ. ನಾಟಕವನ್ನು ಬಯಲಿನಲ್ಲಿ ಅಟ್ಟಣಿಗೆ ಕಟ್ಟಿ ಆಡಬೇಡಿ, ಆ ಕೋಣೆಯಲ್ಲೇ ಆಡಿ. ನೋಡುವವರು ಗೋಡೆಗೆ ಒರಗಿ ಸುತ್ತ ಕೂರಲಿ. ಜನಕ್ಕೆ ಬೆನ್ನು ಕಾಣುತ್ತದಲ್ಲ ಅಂದರೆ ಕಾಣಲಿ. ನಮ್ಮ ಯಜಮಾನರು ಇದ್ದಿದ್ದರೆ ಈ ಮಾತಿಗೆ ನನ್ನ ಕಪಾಳಕ್ಕೆ ಬಿಡುತ್ತಿದ್ದರು. ಅವರಿಗೆ ಕಿವಿ ಚೆನ್ನಾಗಿತ್ತು.

ಮೊದಲು ಹಜರಾಳ ಮನೆಗೆ ಹೋಗು. ತಪ್ಪು ಮಾಡಿದ್ದು ತಾತ, ನೀನಲ್ಲ ಅಂತ ನಾನು ಹೇಳಿದೆ ಅಂತ ಹೇಳು.

ಇತಿ ನಿಮ್ಮಪ್ಪ

ಕುಣಿಗಲ್
31–1–1982

ಅಪ್ಪನಿಗೆ ನಮಸ್ಕಾರ.

ತಾಲೀಮಿನ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಹಜರಾ ಬಂದಿದ್ದಾಳೆ. ನಿಮ್ಮ ಕಾಗದ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಓದಿಕೊಂಡು, ಅಮ್ಮನಿಗೂ ಓದಿ ಹೇಳಿದಳು. ಜೈನಬ್ ಬೀ ಗಂಡನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದರು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: "ಅಷ್ಟು ದೊಡ್ಡೋರು ತಪ್ಪಾಯ್ತು ಅಂತ ಬರೀತಾರೆ. ನಾವು ಹೋಗಬೇಡ ಅನ್ನೋದು ಹೆಂಗೆ?" ಮರುದಿನ ಬೆಳಗಿನ ಬೆಲ್ಲಿಗೆ ಹಜರಾ ಲೈನಿನಲ್ಲಿ ನಿಂತಿದ್ದಳು.

ಸುತ್ತ ನಿಲ್ಲಿಸಿದ ಮೇಲೆ ನಾಟಕದ ಚಹರೆಯೇ ಬದಲಾಗಿದೆ. ಈಗ ಯಾರೂ ಒಪ್ಪಿಸುವುದಿಲ್ಲ, ಒಬ್ಬರಿಗೊಬ್ಬರು ಮಾತಾಡುತ್ತಾರೆ. ಮಾತು ಶುರು ಮಾಡುವ ಮುಂಚೆ ಹಜರಾಳ ಕಡೆ ನೋಡಬೇಕು ಅಂತ ಮಕ್ಕಳೇ ಕಟ್ಟು ಮಾಡಿಕೊಂಡಿದ್ದಾರೆ. ಮರೆತವರು ಕೋಣೆ ಗುಡಿಸಬೇಕು. ನಾನೂ ಒಂದು ದಿನ ಗುಡಿಸಿದೆ.

ಓಬಳಯ್ಯನವರಿಗೆ ಮಾತ್ರ ಸಮಾಧಾನವಿಲ್ಲ. "ಸ್ಟೇಜಿಲ್ದಲೆ ಎಂಥಾ ನಾಟ್ಕ? ಚಾಪೆ ಮ್ಯಾಲೆ ಕುಂತು ನೋಡಾಕೆ ಇದೇನು ತಿಥಿ ಊಟನಾ?" ಅಂತ ಕೇಳಿದರು. ಕೊನೆಗೆ ಹೆಡ್‌ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಕಮಿಟಿಯವರೆಲ್ಲ ಬಂದು ನಾಟಕ ನೋಡುವುದು. ಕೋಣೆಯ ವಿಷಯ, ಹಜರಾಳ ಪರೀಕ್ಷೆಯ ವಿಷಯ ಎರಡನ್ನೂ ಆಮೇಲೆ ನೋಡುವುದು. ಫೆಬ್ರವರಿ ಇಪ್ಪತ್ತೇಳು, ಶನಿವಾರ ಬೆಳಿಗ್ಗೆ. ಅವಳ ಹೆಸರು ಪರೀಕ್ಷೆಗೆ ಹೋಗದಿದ್ದರೆ ಮತ್ತೆ ಆ ಮನೆಯ ಬಾಗಿಲಿಗೆ ಹೋಗುವ ಮುಖ ನನಗಿಲ್ಲ. ನೀವು ಬರಲೇಬೇಕು.

ನಿಮ್ಮ ಮಗಳು,
ಮಂಜುಳ

ಕುಣಿಗಲ್
3–3–1982

ಅಪ್ಪನಿಗೆ ನಮಸ್ಕಾರ.

ಯಾಕೆ ಬರಲಿಲ್ಲ? ಗುಬ್ಬಿ ಕಡೆಯಿಂದ ಬರುವ ಬಸ್ಸು ನಿಂತಾಗಲೆಲ್ಲ ಗೇಟಿನ ಕಡೆ ನೋಡಿದೆ.

ಇರಲಿ, ಕೇಳಿ. ಜನ ಗೋಡೆಯ ಸುತ್ತ ಕೂತರು. ಓಬಳಯ್ಯನವರು ಪಂಚೆ ಮಡಿಸಿಕೊಂಡು ಚಾಪೆಯ ಮೇಲೆ ಕೂರುವಷ್ಟರಲ್ಲಿ ಅರ್ಧ ನಾಟಕ ಅವರದ್ದೇ ಆಯಿತು. ಹಜರಾ ರುಮಾಲು ಸುತ್ತಿಕೊಂಡು ನಡುವೆ ಬಂದಳು. ಅವಳ ದನಿ ಕೇಳಿ ಮೊದಲು ಯಾರೋ ಕಿಸಕ್ಕೆಂದರು. ನ್ಯಾಯ ಪಂಚಾಯತಿ ಶುರುವಾದ ಮೇಲೆ ಆ ಸದ್ದಿಲ್ಲ.

ಅಷ್ಟರಲ್ಲಿ ಕುದುರೆಯ ಪಾತ್ರದ ಪುಟ್ಟಿಗೆ ಮಾತು ಮರೆತುಹೋಯಿತು. ನಾಲ್ಕನೇ ಕ್ಲಾಸಿನ ಮಗು, ಜನರನ್ನು ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿತು. ಹಿಂದಿನಿಂದ ಹೇಳಿಕೊಡೋಣವೆಂದರೆ ಸುತ್ತಲೂ ಜನ, ನಾನು ಯಾವ ಮರೆಯಲ್ಲಿ ನಿಲ್ಲಲಿ? ಆಗ ಹಜರಾ ಪಟೇಲನ ಗತ್ತಿನಲ್ಲೇ ಅವಳ ಎದುರಿಗೆ ಬಂದು ನಿಂತು, ದನಿ ಹೊರಡಿಸದೆ ಬರೀ ತುಟಿಯಲ್ಲಿ ಆ ಮಾತನ್ನು ಆಡಿದಳು. ಎಲ್ಲರ ಬಾಯಿಯನ್ನೂ ನೋಡಿ ನೋಡಿ ಅವಳಿಗೆ ಎಲ್ಲರ ಮಾತೂ ಬರುತ್ತದೆ. ಮಗು ಆ ತುಟಿ ನೋಡಿಕೊಂಡು ಹೇಳಿತು: "ನಾನು ಯಾರ ಊರಿನ ಕುದುರೆಯೂ ಅಲ್ಲ, ಬಾಯಾರಿ ಬಂದಿದ್ದೇನೆ." ಜನ ಚಪ್ಪಾಳೆ ಹೊಡೆದರು. ನಡೆದದ್ದು ಏನೆಂದು ಬಹಳ ಜನಕ್ಕೆ ತಿಳಿಯಲೇ ಇಲ್ಲ. ಹೆಡ್‌ಮೇಷ್ಟ್ರು ಬೆಟ್ಟಸ್ವಾಮಿಗಳು ಹಜರಾಳ ಎದುರಿನ ಗೋಡೆಗೆ ಒರಗಿ ಕೂತಿದ್ದರು, ಅವರಿಗೆ ತಿಳಿಯಿತು.

ಜನ ಹೋದ ಮೇಲೂ ಅವರು ಅಲ್ಲೇ ಕೂತಿದ್ದರು. "ನಾನು ಬೋರ್ಡ್ ಕಡೆ ತಿರುಗ್ಕೊಂಡು ಪಾಠ ಹೇಳ್ತಿದ್ದೆ ಕಣಮ್ಮ. ಇಷ್ಟು ವರ್ಷವೂ ಹಂಗೇ ಹೇಳ್ದೆ. ಅವಳಿಗೆ ತಲೆಗೆ ಹತ್ತಲ್ಲ ಅಂತ ಷರಾ ಬರ್ದೋನೂ ನಾನೇ" ಅಂದರು.

ಸೋಮವಾರ ಸ್ಕೂಲಿಗೆ ಹೋದರೆ ಅವರ ಮೇಜು ಕುರ್ಚಿ ಜಗಲಿಗೆ ಬಂದಿತ್ತು, ಅವರ ಆಫೀಸು ರೂಮಿನ ತುಂಬ ರವೆ ಮೂಟೆ. ಓಬಳಯ್ಯನವರು ಬಂದು, "ಇದೇನ್ಸಾ, ಬೀದಿಗೆ ಬಂದ್ಬುಟ್ರಿ?" ಅಂದರು. "ಇಲ್ಲಿ ಗಾಳಿ ಚೆನ್ನಾಗದೆ ಬುಡಿ" ಅಂದರು ಇವರು. ಪರೀಕ್ಷೆಗೆ ಹೋಗುವವರ ಹೆಸರುಗಳನ್ನು ಅದೇ ಜಗಲಿಯ ಮೇಲೆ ಕೂತು ಬರೆದರು. ಹಜರಾ ಪರೀಕ್ಷೆಗೆ ಕೂರುತ್ತಾಳೆ ಅಪ್ಪ. ಸಂಜೆಯ ಹೊತ್ತು ಅವಳನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿರುವವರೂ ಅವರೇ.

ನೀವು ಇರಬೇಕಿತ್ತು.

ನಿಮ್ಮ ಮಗಳು,
ಮಂಜುಳ

ಗುಬ್ಬಿ
9–3–1982

ಚಿ. ಮಂಜಿಗೆ ಆಶೀರ್ವಾದಗಳು.

ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟಾಂಡಿನವರೆಗೆ ಬಂದಿದ್ದೆ. ಎಲ್ಲರೂ ನಗುವಾಗ ನನಗೆ ನಗು ಬರದಿದ್ದರೆ, ನಿನ್ನ ಸ್ಕೂಲಿನವರ ಮುಂದೆ ನಾನು ಮತ್ತೆ ತಡವಾಗಿ ನಕ್ಕರೆ? ಹೆದರಿಕೆಯಾಯಿತು. ವಾಪಸು ಬಂದೆ. ಸಾವಿರ ಜನರ ಎದುರಿಗೆ ಗದೆ ತಿರುಗಿಸಿದವನ ಕಥೆ ಇದು.

ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ರವೆ ಮೂಟೆಯ ಹತ್ತಿರ ಬಂದಾಗ ಕಾಗದ ಮಡಿಸಿಟ್ಟು ಹೊರಗೆ ಹೋದೆ, ಉಳಿದದ್ದನ್ನು ಆಮೇಲೆ ಓದಿದೆ.

ನನಗೊಂದು ಆಸೆ. ಆ ಕೋಣೆಗೆ ಶನಿವಾರ ಶನಿವಾರ ನಾನೂ ಬರಬಹುದೇ? ಹೇಳಿಕೊಡುವುದಕ್ಕಲ್ಲ, ಕಲಿಯುವುದಕ್ಕೆ. ತುಟಿ ನೋಡಿ ಮಾತು ತಿಳಿಯುವ ವಿದ್ಯೆ ಗೊತ್ತಿರುವವರು ನನ್ನ ಬಳಗದಲ್ಲಿ ಅವಳೊಬ್ಬಳೇ. ನೀನು ಹೂಂ ಅಂದರೆ ಸಾಲದು. ಹಜರಾಳನ್ನು ಕೇಳು, ನನ್ನನ್ನು ಸೇರಿಸಿಕೊಳ್ಳುತ್ತಾಳಾ ಅಂತ.

ಇತಿ ನಿಮ್ಮಪ್ಪ

ಕುಣಿಗಲ್
14–3–1982

ತಾತನಿಗೆ ಹಜರಾ ಮಾಡುವ ಸಲಾಂ.

ಟೀಚರ್ ನಿಮ್ಮ ಕಾಗದ ಕೊಟ್ಟರು. ಓದಿದೆ. ನೀವು ಬರಬಹುದು. ನಾನು ಕಲಿಸುತ್ತೇನೆ. ಮೊದಲು ಕಷ್ಟ ಆಗುತ್ತದೆ. ಯಾರಾದರೂ ನಕ್ಕರೆ ಯಾಕೆ ನಕ್ಕಿರಿ ಅಂತ ಕೇಳಬೇಕು. ಸುಮ್ಮನೆ ನಗಬಾರದು. ನಾನೂ ಮೊದಲು ಹಾಗೇ ನಗುತ್ತಿದ್ದೆ.

ಇನ್ನೊಂದು ಮಾತು ಇದೆ. ಬೇಜಾರು ಮಾಡಿಕೊಳ್ಳಬೇಡಿ. ದಸರಾದಲ್ಲಿ ನೀವು ಹೇಳಿದ್ದು ನನಗೆ ಒಂದೂ ತಿಳಿಯಲಿಲ್ಲ. ಸಾಲಿನಲ್ಲಿ ನಿಲ್ಲಿಸಿದ್ದರಿಂದ ಮಾತ್ರ ಅಲ್ಲ. ನಿಮ್ಮ ಮೀಸೆ ಬಾಯಿಯನ್ನೆಲ್ಲ ಮುಚ್ಚಿಕೊಂಡಿದೆ. ತುಟಿ ಕಾಣಿಸುವುದೇ ಇಲ್ಲ. ಟೀಚರಿಗೆ ಹೇಳಿದೆ. ಅವರು ನೀನೇ ಬರಿ ಅಂದರು, ಅವರಿಗೆ ಧೈರ್ಯ ಇಲ್ಲ.

ಇಂತಿ,
ಹಜರಾ ಬೀ, ಏಳನೇ ತರಗತಿ

ಗುಬ್ಬಿ
18–3–1982

ಚಿ. ಹಜರಾಗೆ ಪುಟ್ಟರಂಗಯ್ಯ ತಾತನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕಂಪನಿಯಲ್ಲಿದ್ದಷ್ಟು ಕಾಲ ನಾನು ಮುಖ ನುಣ್ಣಗೆ ಬೋಳಿಸಿ, ದಿನಕ್ಕೊಂದು ಮೀಸೆಯನ್ನು ಅಂಟಿಸಿಕೊಳ್ಳುತ್ತಿದ್ದೆ. ಕಂಪನಿ ಮುಚ್ಚಿದ ಮೇಲೆ ಬೆಳೆಸಿದ್ದು ಇದು, ನನ್ನ ಸ್ವಂತದ ಮೀಸೆ. ಇದನ್ನು ಮುಟ್ಟಲು ಈ ಊರಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ.

ಇವತ್ತು ಬೆಳಿಗ್ಗೆ ತೆಗೆಸಿದೆ. ಕ್ಷೌರದವನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮನೆಗೆ ಬಂದಾಗ ನಿಮ್ಮ ಟೀಚರ ಅಮ್ಮ ನನ್ನನ್ನು ನೋಡಿ ನೀರಿನ ತಂಬಿಗೆ ಕೈಬಿಟ್ಟಳು. ಆಮೇಲೆ ಬಹಳ ಹೊತ್ತು ನಕ್ಕಳು. ನೀನು ಹೇಳಿಕೊಟ್ಟ ಹಾಗೆ, ಯಾಕೆ ನಕ್ಕೆ ಅಂತ ಕೇಳಿದೆ. ಅವಳು ಎದುರಿಗೆ ಕೂತು ನಿಧಾನವಾಗಿ ಹೇಳಿದಳು. ಅದು ಗಂಡ ಹೆಂಡತಿಯ ಮಾತು, ನಿನಗೆ ಬರೆಯುವ ಹಾಗಿಲ್ಲ. ಆದರೆ ಒಂದಕ್ಷರವೂ ಬಿಡದ ಹಾಗೆ ತಿಳಿಯಿತು.

ಶನಿವಾರ ಮೊದಲನೇ ಬಸ್ಸಿಗೆ ಬರುತ್ತೇನೆ.

ಇಂತಿ ನಿನ್ನ ಶಿಷ್ಯ,
ಪುಟ್ಟರಂಗಯ್ಯ